ಸಂತೋಷದ ದಿನ, ಮನೆಯ ಒಲೆ
(ಜುಮಾ ಖುತ್ಬಾದ ಸಾರಾಂಶ)

ಅಲ್ಲಾಹನಿಗೆ ಸ್ತುತಿ. ಅವನ ಸಂದೇಶವಾಹಕರ ಮೇಲೆ, ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಸಲಾತ್ ಹಾಗೂ ಸಲಾಮ್.



ಮನೆಯಲ್ಲಿ ಮಗು ಹುಟ್ಟುತ್ತದೆ. ಮಗನ ನಿಕಾಹ್ ಆಗುತ್ತದೆ. ಮಗಳು ಕುರ್‌ಆನ್ ಓದಿ ಮುಗಿಸುತ್ತಾಳೆ. ಆಸ್ಪತ್ರೆಯಲ್ಲಿದ್ದ ಅಜ್ಜಿ ಗುಣಮುಖರಾಗಿ ಮನೆಗೆ ಬರುತ್ತಾರೆ. ಇವೆಲ್ಲ ಅಲ್ಲಾಹನ ಅನುಗ್ರಹಗಳು. ಅನುಗ್ರಹ ಬಂದಾಗ ಸಂತೋಷಪಡುವುದು, ಆ ಸಂತೋಷದಲ್ಲಿ ಇತರರನ್ನೂ ಸೇರಿಸಿಕೊಳ್ಳುವುದು ನಮ್ಮ ದೀನ್ ಕಲಿಸಿದ ರೀತಿ.

ಆದರೆ ಕೆಲವು ವರ್ಷಗಳಿಂದ ಮಸೀದಿಯಲ್ಲಿ ನಾವು ಕೇಳುತ್ತಿರುವ ಮಾತು ಬೇರೆ. “ಹಜ್ರತ್, ಮಗುವಿಗೆ ಏಳು ತಿಂಗಳಾಯಿತು, ಅಕೀಕಾ ಇನ್ನೂ ಆಗಿಲ್ಲ. ಶಾದಿ ಮಹಲ್‌ಗೂ ಅಡುಗೆಯವರಿಗೂ ಹಣ ಕೂಡಿಸುತ್ತಿದ್ದೇವೆ” ಎನ್ನುತ್ತಾರೆ. ವಲೀಮಾ ಮುಗಿದು ಎರಡು ವರ್ಷವಾದರೂ ಅದರ ಸಾಲ ತೀರದವರಿದ್ದಾರೆ. “ಕರೆದರೆ ಎಲ್ಲರನ್ನೂ ಕರೆಯಬೇಕು, ಅದಕ್ಕೆ ಯಾರನ್ನೂ ಕರೆಯಲಿಲ್ಲ” ಎಂದು ಸಂತೋಷವನ್ನೇ ಮುಚ್ಚಿಟ್ಟುಕೊಳ್ಳುವವರೂ ಇದ್ದಾರೆ. ಸುನ್ನತ್ತು ನಮ್ಮ ಮೇಲೆ ಹಗುರಾಗಿ ಬಂದಿತ್ತು. ಅದನ್ನು ಭಾರ ಮಾಡಿಕೊಂಡವರು ನಾವೇ.

ಈ ವಾರದ ಖುತ್ಬಾದಲ್ಲಿ ನಾವು ಹೇಳಿದ್ದು ಒಂದೇ ವಿಷಯ. ಪ್ರವಾದಿ(ಸ)ರ ಮನೆಯ ಔತಣಗಳು ಮನೆಯಲ್ಲಿ ಏನಿತ್ತೋ ಅದರಿಂದಲೇ ಆದವು. ಹಾಗಾಗಿ ನಿಮ್ಮ ಮನೆಯ ಸಂತೋಷವನ್ನು ನಿಮ್ಮ ಮನೆಯ ಒಲೆಯಲ್ಲೇ ಆಚರಿಸಬಹುದು, ಈ ವಾರವೇ ಆಚರಿಸಬಹುದು.

ಇಬ್ರಾಹೀಮ್(ಅ)ರ ಮನೆಯ ಊಟ

ಕುರ್‌ಆನಿನ ಸೂರಃ ಹೂದ್ ಮತ್ತು ಸೂರಃ ಝಾರಿಯಾತ್‌ನಲ್ಲಿ ಇಬ್ರಾಹೀಮ್(ಅ)ರ ಮನೆಗೆ ಅತಿಥಿಗಳು ಬಂದ ಘಟನೆ ಇದೆ. ಬಂದವರು ಅಪರಿಚಿತರು. ಅವರು ಮಲಕ್‌ಗಳೆಂದು ಇಬ್ರಾಹೀಮ್(ಅ)ರಿಗೆ ತಿಳಿದಿರಲಿಲ್ಲ. ಅವರು ಸಲಾಮ್ ಹೇಳಿ, ಸದ್ದಿಲ್ಲದೆ ಮನೆಯೊಳಗೆ ಹೋಗಿ, ಕೊಬ್ಬಿದ ಕರುವಿನ ಮಾಂಸವನ್ನು ಸುಟ್ಟು ತಂದು ಅತಿಥಿಗಳ ಹತ್ತಿರವೇ ಇಟ್ಟರು. ಅತಿಥಿಗಳು ಊಟಕ್ಕೆ ಕೈ ಚಾಚಲಿಲ್ಲ. ಆದರೆ ಅದೇ ಭೇಟಿಯಲ್ಲಿ ವೃದ್ಧ ದಂಪತಿಗೆ ಮಗ ಇಸ್‌ಹಾಕ್(ಅ) ಹುಟ್ಟುವ ಶುಭವಾರ್ತೆ ಬಂತು.

ಈ ಘಟನೆಯಿಂದ ಅತಿಥಿ ಸತ್ಕಾರದ ಕೆಲವು ಮರ್ಯಾದೆಗಳನ್ನು ವಿದ್ವಾಂಸರು ಕಲಿಸಿದ್ದಾರೆ. “ಊಟ ಮಾಡುತ್ತೀರಾ?” ಎಂದು ಕೇಳಿ ಅತಿಥಿಯನ್ನು ಸಂಕೋಚಕ್ಕೆ ದೂಡಲಿಲ್ಲ. ತಡ ಮಾಡಲಿಲ್ಲ. ತಮ್ಮ ಮನೆಯದ್ದನ್ನೇ ತಂದರು. ಅತಿಥಿಯನ್ನು ಊಟದ ಕಡೆಗೆ ಎಬ್ಬಿಸಿ ಕಳುಹಿಸದೆ ಊಟವನ್ನೇ ಅತಿಥಿಯ ಬಳಿಗೆ ತಂದರು. ಟೋಕನ್ ಹಿಡಿದು, ಪ್ಲೇಟ್ ಹಿಡಿದು, ಸಾಲಿನಲ್ಲಿ ನಿಂತು ಉಣ್ಣುವ ಇಂದಿನ ದಾವತ್‌ಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಎರಡು ಬೊಗಸೆ ಬಾರ್ಲಿಯ ವಲೀಮಾ

ಪ್ರವಾದಿ(ಸ)ರ ವಲೀಮಾಗಳ ವಿವರ ಹದೀಸ್ ಗ್ರಂಥಗಳಲ್ಲಿ ಉಳಿದಿದೆ. ಅವುಗಳಲ್ಲಿ ಮೂರನ್ನು ನೋಡೋಣ.

ಒಂದನೆಯದು ಬುಖಾರಿಯಲ್ಲಿದೆ. ತಮ್ಮ ಪತ್ನಿಯರಲ್ಲಿ ಒಬ್ಬರ ವಲೀಮಾವನ್ನು ಪ್ರವಾದಿ(ಸ)ರು ಎರಡು ಮುದ್ದ್ ಬಾರ್ಲಿಯಿಂದ ಮಾಡಿದರು. ಒಬ್ಬ ಸಾಧಾರಣ ಮನುಷ್ಯ ಎರಡೂ ಕೈ ಜೋಡಿಸಿ ತುಂಬಿದರೆ ಎಷ್ಟು ಹಿಡಿಯುತ್ತದೋ ಅದೇ ಒಂದು ಮುದ್ದ್, ನಮ್ಮ ಮಾತಿನಲ್ಲಿ ಒಂದು ಬೊಗಸೆ. ಅಂದರೆ ಅಲ್ಲಾಹನ ಸಂದೇಶವಾಹಕರ ಒಂದು ವಲೀಮಾ ಎರಡು ಬೊಗಸೆ ಧಾನ್ಯದಲ್ಲಿ ಮುಗಿಯಿತು.

ಎರಡನೆಯದು ಹ. ಸಫಿಯ್ಯಾ(ರ)ರದು. ಹಿಜ್ರಿ 7ರಲ್ಲಿ ಖೈಬರ್‌ನಿಂದ ಮದೀನಾಕ್ಕೆ ಮರಳುವ ದಾರಿಯಲ್ಲಿ ಈ ವಲೀಮಾ ಆಯಿತು. ಅಲ್ಲಿ ರೊಟ್ಟಿಯೂ ಇರಲಿಲ್ಲ, ಮಾಂಸವೂ ಇರಲಿಲ್ಲ ಎಂದು ಹ. ಅನಸ್(ರ) ಹೇಳುತ್ತಾರೆ. ಚರ್ಮದ ಹಾಸು ಹಾಸಲಾಯಿತು. ಯಾರ ಬಳಿ ಏನಿದೆಯೋ ತನ್ನಿ ಎಂದು ಪ್ರವಾದಿ(ಸ)ರು ಹೇಳಿದರು. ಒಬ್ಬರು ಖರ್ಜೂರ ತಂದರು, ಒಬ್ಬರು ತುಪ್ಪ ತಂದರು, ಇನ್ನೊಬ್ಬರು ಒಣಗಿಸಿದ ಮೊಸರಿನ ಗಟ್ಟಿ ತಂದರು. ಎಲ್ಲವನ್ನೂ ಕಲಸಿ ‘ಹೈಸ್’ ಎಂಬ ತಿನಿಸು ಮಾಡಿದರು. ಅದೇ ವಲೀಮಾ.

ಮೂರನೆಯದು ಹ. ಝೈನಬ್(ರ)ರದು. ಇದಕ್ಕೆ ಒಂದು ಕುರಿ ಕೊಯ್ದರು, ಜನರಿಗೆ ರೊಟ್ಟಿ ಮಾಂಸ ಬಡಿಸಿದರು. ಪ್ರವಾದಿ(ಸ)ರು ಬೇರೆ ಯಾವ ಪತ್ನಿಯ ವಲೀಮಾವನ್ನೂ ಇಷ್ಟು ದೊಡ್ಡದಾಗಿ ಮಾಡಿದ್ದನ್ನು ತಾವು ನೋಡಿಲ್ಲ ಎಂದು ಅನಸ್(ರ) ಹೇಳಿದ್ದಾರೆ. ಅತಿ ದೊಡ್ಡದೆಂದರೆ ಒಂದು ಕುರಿ!

ಎರಡು ಬೊಗಸೆ ಬಾರ್ಲಿಯಿಂದ ಒಂದು ಕುರಿಯವರೆಗೆ, ಎಲ್ಲವೂ ಸುನ್ನತ್ತೇ. ಇದ್ದಾಗ ಹೆಚ್ಚು ಮಾಡಿದರು, ಇಲ್ಲದಾಗ ಕಡಿಮೆ ಮಾಡಿದರು, ಬಿಡಲಿಲ್ಲ, ಸಾಲ ಮಾಡಿ ಹಿಗ್ಗಿಸಲೂ ಇಲ್ಲ.

ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ)ರ ವಿಷಯವೂ ಇಲ್ಲಿ ನೆನಪಾಗಬೇಕು. ಮಕ್ಕಾದಿಂದ ಬರಿಗೈಯಲ್ಲಿ ಬಂದವರು ಅವರು. ಅನ್ಸಾರಿ ಸಹೋದರ ತಮ್ಮ ಸಂಪತ್ತಿನ ಅರ್ಧ ಕೊಡಲು ಬಂದಾಗ, ಬೇಡ, ಪೇಟೆಯ ದಾರಿ ತೋರಿಸಿ ಎಂದರು. ತುಪ್ಪ ಮತ್ತು ಒಣಮೊಸರಿನ ವ್ಯಾಪಾರದಿಂದ ಕಾಲ ಮೇಲೆ ನಿಂತು ಮದುವೆಯಾದರು. ಬಟ್ಟೆಯ ಮೇಲಿನ ಹಳದಿ ಗುರುತು ನೋಡಿಯೇ ಪ್ರವಾದಿ(ಸ)ರಿಗೆ ಮದುವೆಯ ವಿಷಯ ಗೊತ್ತಾದದ್ದು! ನಮ್ಮನ್ನೇಕೆ ಕರೆಯಲಿಲ್ಲ ಎಂದು ಅವರು ಕೇಳಲಿಲ್ಲ. ಬರಕತ್‌ಗಾಗಿ ದುಆ ಮಾಡಿದರು, ಒಂದು ಕುರಿಯಿಂದಾದರೂ ಸರಿ ವಲೀಮಾ ಮಾಡು ಎಂದರು. ಕರೆಯಲಿಲ್ಲವೆಂದು ವರ್ಷಗಟ್ಟಲೆ ಮಾತು ಬಿಡುವ ನಮ್ಮ ಸಂಬಂಧಿಕರು ಇದನ್ನು ಎರಡು ಸಲ ಓದಬೇಕು.

ಒಂದು ಸಂತೋಷ, ಹಲವು ಮನೆಯ ಅಡುಗೆ

ಝೈನಬ್(ರ)ರ ಮದುವೆಯ ಸಂದರ್ಭದಲ್ಲಿ ಅನಸ್‌ರ ತಾಯಿ ಉಮ್ಮು ಸುಲೈಮ್(ರ) ತಮ್ಮ ಮನೆಯಲ್ಲಿ ಹೈಸ್ ತಯಾರಿಸಿ, ಒಂದು ಪಾತ್ರೆಯಲ್ಲಿ ಹಾಕಿ ಮಗನ ಕೈಯಲ್ಲಿ ಕಳುಹಿಸಿದರು. ತಾಯಿ ಸಲಾಮ್ ಹೇಳಿದ್ದಾರೆ, ಇದು ನಮ್ಮ ಕಡೆಯಿಂದ ಸಣ್ಣದೊಂದು ಕಾಣಿಕೆ ಎಂದು ಹುಡುಗ ಹೇಳಿದ. ಪ್ರವಾದಿ(ಸ)ರು ಜನರನ್ನು ಕರೆಸಿ, ಹತ್ತು ಹತ್ತು ಮಂದಿಯಾಗಿ ಕೂರಿಸಿ ಉಣಿಸಿದರು. ಅಲ್ಲಾಹನ ಬರಕತ್‌ನಿಂದ ಸುಮಾರು 300 ಮಂದಿ ಅದರಿಂದ ಉಂಡರೆಂದು ಮುಸ್ಲಿಮ್‌ನ ವರದಿಯಲ್ಲಿದೆ.

ಮದುವೆಮನೆಗೆ ಅಡುಗೆ ಮಾಡಿ ಕಳುಹಿಸುವುದು ಹೀಗೆ ಸಹಾಬಿ ಮಹಿಳೆಯರ ಕಾಲದಿಂದ ಬಂದ ಪದ್ಧತಿ. ಇದನ್ನು ನಾವು ಮತ್ತೆ ರೂಢಿಗೆ ತರಬಹುದು. ಫುಫು ಮನೆಯಿಂದ ಖೀರ್ ಬರಲಿ. ಪಕ್ಕದ ಮನೆಯಿಂದ ದಾಲ್ಚಾ ಬರಲಿ. ಕರಾವಳಿಯ ಮನೆಗಳಲ್ಲಿ ಒಬ್ಬರು ಪತ್ತಿರಿ ಮಾಡಿದರೆ ಇನ್ನೊಬ್ಬರು ಸಾರು ಮಾಡಲಿ. ಯಾರ ಮೇಲೂ ಪೂರ್ತಿ ಭಾರ ಬೀಳುವುದಿಲ್ಲ, ಎಲ್ಲರಿಗೂ ಸಂತೋಷದಲ್ಲಿ ಪಾಲು ಸಿಗುತ್ತದೆ. ಕವರ್‌ನಲ್ಲಿ 500 ರೂಪಾಯಿ ಇಟ್ಟು, ಯಾರು ಎಷ್ಟು ಕೊಟ್ಟರೆಂದು ಬರೆದಿಟ್ಟುಕೊಂಡು, ನಾಳೆ ಹಿಂತಿರುಗಿಸುವ ಲೆಕ್ಕಕ್ಕಿಂತ ಇದು ಎಷ್ಟೋ ಮೇಲು.

ಅದೇ ವಲೀಮಾದ ಸಂದರ್ಭದಲ್ಲಿ ಸೂರಃ ಅಹ್‌ಝಾಬ್‌ನ 53ನೇ ವಚನ ಅವತೀರ್ಣವಾಯಿತು. ಉಂಡ ಮೇಲೆ ಹರಟೆಯಲ್ಲಿ ಕುಳಿತುಬಿಡಬೇಡಿ, ಮನೆಯವರಿಗೆ ತೊಂದರೆಯಾಗುತ್ತದೆ ಎಂಬುದು ಅದರಲ್ಲಿರುವ ಪಾಠಗಳಲ್ಲೊಂದು. ಸಣ್ಣ ಮನೆಯಲ್ಲಿ ಔತಣ ನಡೆಯಬೇಕಾದರೆ ಈ ಅದಬ್ ಬಹಳ ಮುಖ್ಯ. ಉಂಡವರು ದುಆ ಮಾಡಿ ಎದ್ದರೆ ಮುಂದಿನವರಿಗೆ ಜಾಗವಾಗುತ್ತದೆ.

ಅಕೀಕಾಕ್ಕೆ ಶಾದಿ ಮಹಲ್ ಬೇಕೇ?

ಅಕೀಕಾ ಎಂದರೆ ಮಗು ಹುಟ್ಟಿದ ಕೃತಜ್ಞತೆಗಾಗಿ ಪ್ರಾಣಿಯನ್ನು ಝಬಹ್ ಮಾಡುವುದು. ಏಳನೆಯ ದಿನ ಉತ್ತಮ. ಹದೀಸ್‌ನಲ್ಲಿ ಬಂದಿರುವಂತೆ ಗಂಡು ಮಗುವಿಗೆ ಎರಡು ಕುರಿ ಅಥವಾ ಆಡು, ಹೆಣ್ಣು ಮಗುವಿಗೆ ಒಂದು. ಶಾಫಿಈ ಮದ್‌ಹಬ್‌ನಲ್ಲಿ ಇದು ಒತ್ತಿ ಹೇಳಲಾದ ಸುನ್ನತ್ತು. ಹನಫಿ ವಿದ್ವಾಂಸರು ಇದನ್ನು ಅಪೇಕ್ಷಣೀಯ ಕರ್ಮವೆನ್ನುತ್ತಾರೆ. ನಮ್ಮ ರಾಜ್ಯದ ಕರಾವಳಿಯಲ್ಲಿ ಶಾಫಿಈಗಳು, ಒಳನಾಡಿನಲ್ಲಿ ಹನಫಿಗಳು ಹೆಚ್ಚು. ಯಾವ ಮದ್‌ಹಬ್‌ನಲ್ಲೂ ಇದು ಸಾಲ ಮಾಡಿ ಮಾಡಬೇಕಾದ ಫರ್ಝ್ ಅಲ್ಲ. ಗಂಡು ಮಗುವಿಗೆ ಒಂದೇ ಪ್ರಾಣಿ ಕೊಡುವ ಶಕ್ತಿಯಿದ್ದರೆ ಒಂದರಿಂದಲೂ ಮೂಲ ಸುನ್ನತ್ತು ನೆರವೇರುತ್ತದೆಂದು ಶಾಫಿಈ ಫಿಕ್‌ಹ್ ಹೇಳುತ್ತದೆ. ಏಳನೆಯ ದಿನ ಆಗದಿದ್ದರೆ 14ನೆಯ ದಿನ, 21ನೆಯ ದಿನ ಎಂದು ಹೇಳಿದ ವಿದ್ವಾಂಸರಿದ್ದಾರೆ.

ಆ ಮಾಂಸವನ್ನು ಏನು ಮಾಡಬೇಕು? ಮನೆಯವರು ತಿನ್ನಬಹುದು, ಬಂಧುಗಳಿಗೆ ಕೊಡಬಹುದು, ಬಡವರಿಗೆ ಕೊಡಬೇಕು. ಹಸಿ ಮಾಂಸ ಹಂಚುವುದಕ್ಕಿಂತ ಬೇಯಿಸಿ ಹಂಚುವುದು ಉತ್ತಮವೆಂದು ಶಾಫಿಈ ವಿದ್ವಾಂಸರು ಬರೆದಿದ್ದಾರೆ. ಬಡವರ ಮನೆಯಲ್ಲಿ ಎಣ್ಣೆ, ಮಸಾಲೆ, ಸೌದೆ ಇದೆಯೋ ಇಲ್ಲವೋ? ಬೇಯಿಸಿ ಕೊಟ್ಟರೆ ಆ ಚಿಂತೆಯೂ ಅವರಿಗಿಲ್ಲ. ಇನ್ನೂ ಒಂದು ಸುಂದರ ಮಾತಿದೆ. ಮಗುವಿನ ಸ್ವಭಾವ ಸಿಹಿಯಾಗಲಿ ಎಂಬ ಶುಭಾಶಯದಿಂದ ಅಕೀಕಾದ ಅಡುಗೆಯಲ್ಲಿ ಸ್ವಲ್ಪ ಸಿಹಿ ಸೇರಿಸುವುದನ್ನು ಇಮಾಮ್ ನವವಿ(ರಹ್)ಯವರಂತಹ ವಿದ್ವಾಂಸರು ಮೆಚ್ಚಿದ್ದಾರೆ.

ಇದರಲ್ಲಿ ಎಲ್ಲಿಯೂ ಮಹಲ್ ಇಲ್ಲ, ವೇದಿಕೆ ಇಲ್ಲ, ಬಲೂನಿನ ಕಮಾನು ಇಲ್ಲ. ಒಂದು ಆಡು, ಒಂದು ದೇಗಚಿ, ಹಂಚಲು ನಾಲ್ಕು ಡಬ್ಬಿ ಸಾಕು. ಏಳನೆಯ ದಿನವೇ ಮುಗಿಸಬಹುದಾದ ಕರ್ಮವನ್ನು ಏಳು ತಿಂಗಳು ಮುಂದೂಡುವುದೇಕೆ?

ಸಣ್ಣ ಸಂತೋಷಗಳು

ಮಗು ಮದ್ರಸಾ ಸೇರುವ ದಿನ, ಕುರ್‌ಆನ್ ಓದಿ ಮುಗಿಸಿದ ದಿನ, ಮೊದಲ ಉಪವಾಸ, ಎಸ್ಸೆಸ್ಸೆಲ್ಸಿ ಫಲಿತಾಂಶ, ಮೊದಲ ಸಂಬಳ. ಇವುಗಳಿಗೆ ಶರೀಅತ್ ಯಾವುದೇ ವಿಶೇಷ ಔತಣ ನಿಗದಿ ಮಾಡಿಲ್ಲ, ಹಲಾಲ್ ಆಹಾರ ಮಾಡಿ ಸಂತೋಷಪಡುವುದನ್ನು ತಡೆದೂ ಇಲ್ಲ. ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನಕ್ಕೆ ‘ಬಿಸ್ಮಿಲ್ಲಾ’ ಮಾಡಿಸುವ ರೂಢಿ ನಮ್ಮ ದಖ್ಖನಿ ಮನೆಗಳಲ್ಲಿದೆ. ಅದು ರೂಢಿಯೇ ಹೊರತು ಸುನ್ನತ್ತಲ್ಲ ಎಂಬ ತಿಳಿವು ಇರಲಿ. ತಿಳಿವಿದ್ದು ಮಗುವಿನ ಓದಿಗೆ ಹುರುಪು ತುಂಬಿದರೆ ಒಳ್ಳೆಯದೇ.

ಅನಸ್(ರ) ಕುರ್‌ಆನ್ ಓದಿ ಮುಗಿಸಿದಾಗ ಮನೆಯವರನ್ನೆಲ್ಲ ಸೇರಿಸಿ ದುಆ ಮಾಡುತ್ತಿದ್ದರು. ನಿಮ್ಮ ಮಗಳು ಓದಿ ಮುಗಿಸಿದ ಸಂಜೆ ಹಾಗೆಯೇ ಮಾಡಿ. ಅಜ್ಜ ಅಜ್ಜಿ, ಅಣ್ಣ ತಂಗಿ ಕೂಡಿ ಕುಳಿತು ದುಆ ಮಾಡಿ, ಆ ಮಗುವಿಗೆ ಇಷ್ಟವಾದದ್ದನ್ನು ಮಾಡಿ ಬಡಿಸಿ. ಕಲಿಸಿದ ಉಸ್ತಾದರ ಮನೆಗೂ ಒಂದು ಡಬ್ಬಿ ಹೋಗಲಿ.

ಹುಟ್ಟುಹಬ್ಬದ ಬಗ್ಗೆ ಹಲವರು ಕೇಳುತ್ತಾರೆ. ವಿದ್ವಾಂಸರಲ್ಲಿ ಅನೇಕರು ಅದನ್ನು ಅನುಕರಣೆಯೆಂದು ತಡೆಯುತ್ತಾರೆ, ಲೋಕರೂಢಿಯೆಂದು ಬಿಡುವವರೂ ಇದ್ದಾರೆ. ನಾವು ಹೇಳುವುದಿಷ್ಟೇ: ಮಗು ಏನನ್ನಾದರೂ ಸಾಧಿಸಿದ ದಿನವನ್ನು ಮನೆಯಲ್ಲಿ ಗಮನಿಸಿ ಸಂತೋಷಪಟ್ಟರೆ, ಅದಕ್ಕೆ ಬೇರೆ ದಿನದ ಹಂಬಲ ತಾನಾಗಿ ಕಡಿಮೆಯಾಗುತ್ತದೆ.

ಮನೆಯಲ್ಲೇ ರೋಟ್, ಕೇಕ್

ಮಕ್ಕಳಿಗೆ ಕೇಕ್ ಬೇಕು. ಬೇಡವೆಂದು ಗದರುವುದಕ್ಕಿಂತ ಮನೆಯಲ್ಲೇ ಮಾಡುವುದು ಲೇಸು. ನಮ್ಮ ಹಿರಿಯರಿಗೆ ಇದು ಹೊಸದೂ ಅಲ್ಲ. ರವೆ, ತುಪ್ಪ, ಸಕ್ಕರೆ ಕಲಸಿ, ದಪ್ಪ ತಳದ ಪಾತ್ರೆಯಲ್ಲಿ ಹಾಕಿ, ಕೆಳಗೆ ಸಣ್ಣ ಉರಿ, ಮುಚ್ಚಳದ ಮೇಲೆ ಕೆಂಡ ಇಟ್ಟು ರೋಟ್ ಬೇಯಿಸುತ್ತಿದ್ದರು. ಮೇಲಿನಿಂದಲೂ ಕೆಳಗಿನಿಂದಲೂ ಒಣ ಶಾಖ ಬಂದರೆ ನಡುವೆ ಇದ್ದದ್ದು ಹದವಾಗಿ ಬೇಯುತ್ತದೆ. ಇಂದಿನ ಓವನ್ ಮಾಡುವುದೂ ಇದೇ ಕೆಲಸ.

ನಮ್ಮ ಮನೆಯಲ್ಲಿ ಬಳಸುವ ಅಳತೆ ಹೇಳುತ್ತೇವೆ. ಒಂದೂವರೆ ಲೋಟ ಸಣ್ಣ ರವೆ, ಮುಕ್ಕಾಲು ಲೋಟ ಸಕ್ಕರೆ ಪುಡಿ, ಒಂದು ಲೋಟ ಮೊಸರು, ಅರ್ಧ ಲೋಟ ಕರಗಿಸಿದ ತುಪ್ಪ ಕಲಸಿ ಅರ್ಧ ಗಂಟೆ ಬಿಡಬೇಕು. ರವೆ ನೆನೆದು ಗಟ್ಟಿಯಾದಾಗ ಅರ್ಧ ಲೋಟ ಹಾಲು, ಒಂದು ಚಿಕ್ಕ ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಅಡುಗೆ ಸೋಡಾ, ಏಲಕ್ಕಿ ಪುಡಿ ಹಾಕಿ ಕಲಸಿ, ತುಪ್ಪ ಸವರಿದ ಪಾತ್ರೆಗೆ ಸುರಿಯಬೇಕು. ಓವನ್ ಇದ್ದರೆ 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ. ಇಲ್ಲದಿದ್ದರೆ ಕುಕ್ಕರ್ ಸಾಕು. ಅದರ ತಳಕ್ಕೆ ಕಲ್ಲುಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಗ್ಯಾಸ್ಕೆಟ್ ಮತ್ತು ವಿಷಲ್ ತೆಗೆದು, ನೀರು ಹಾಕದೆ, ಹತ್ತು ನಿಮಿಷ ಕಾಯಿಸಿ, ಆಮೇಲೆ ಪಾತ್ರೆ ಇಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಿಟ್ಟರೆ ಆಯಿತು. ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟದಿದ್ದರೆ ಬೆಂದಿದೆ ಎಂದರ್ಥ.

ಮನೆಯಲ್ಲಿ ಮಾಡುವುದರ ದೊಡ್ಡ ಲಾಭವೆಂದರೆ ಒಳಗೆ ಏನಿದೆಯೆಂದು ನಮಗೆ ಗೊತ್ತಿರುತ್ತದೆ. ಕೆಲವು ಪ್ಲಮ್ ಕೇಕ್‌ಗಳಿಗೆ ರಮ್ ಹಾಕುತ್ತಾರೆ. ಕೆಲವು ಎಸೆನ್ಸ್‌ಗಳಲ್ಲಿ ಆಲ್ಕೋಹಾಲ್ ಇರುತ್ತದೆ. ಜೆಲಾಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಬರುತ್ತದೆ, ಯಾವ ಪ್ರಾಣಿಯದೆಂದು ಪೊಟ್ಟಣದಿಂದ ತಿಳಿಯುವುದು ಕಷ್ಟ. ಪೊಟ್ಟಣದ ಮೇಲಿನ ಹಸಿರು ಗುರುತು ಪ್ರಾಣಿಜನ್ಯ ಕೊಬ್ಬು, ಜೆಲಾಟಿನ್ ಇಲ್ಲವೆಂದು ತಿಳಿಸುತ್ತದೆ, ಆದರೆ ಆಲ್ಕೋಹಾಲ್ ಬಗ್ಗೆ ಏನೂ ಹೇಳುವುದಿಲ್ಲ. ಆದ್ದರಿಂದ ಪದಾರ್ಥಗಳ ಪಟ್ಟಿ ಓದಿ. ಏಲಕ್ಕಿ, ಕೇಸರಿ ಇರುವಾಗ ಎಸೆನ್ಸ್‌ನ ಅಗತ್ಯವೂ ಇಲ್ಲ.

ದಣಿವು ಯಾರದು?

ಮನೆಯ ಅಡುಗೆ ಎಂದೊಡನೆ ಗಂಡಸರು ತಲೆಯಾಡಿಸುತ್ತಾರೆ, ಹೆಂಗಸರು ನಿಟ್ಟುಸಿರು ಬಿಡುತ್ತಾರೆ. ಏಕೆಂದರೆ ಮಹಲ್‌ನ ಖರ್ಚು ಉಳಿಯುವುದು ಗಂಡಸರಿಗೆ, ಸೊಂಟ ಬೀಳುವುದು ಹೆಂಗಸರಿಗೆ. ಎಲ್ಲರೂ ಉಂಡು ಮಲಗಿದ ಮೇಲೆ ಸಂಜೆ ನಾಲ್ಕಕ್ಕೆ ತಳದ ಅನ್ನ ಬಡಿಸಿಕೊಳ್ಳುವ ತಾಯಿ ಅಥವಾ ಸೊಸೆ ಪ್ರತಿ ಮನೆಯಲ್ಲೂ ಇದ್ದಾರೆ. ಇದು ಸುನ್ನತ್ತಿನ ಔತಣವಲ್ಲ.

ಪ್ರವಾದಿ(ಸ)ರು ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ, ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝ್‌ನ ಸಮಯವಾದಾಗ ಹೊರಡುತ್ತಿದ್ದರು ಎಂದು ಹ. ಆಯಿಶಾ(ರ) ಹೇಳಿದರು. ಇನ್ನೊಂದು ಹದೀಸ್‌ನಲ್ಲಿ, ಅಡುಗೆ ತಂದ ಸೇವಕನನ್ನು ಜೊತೆಗೆ ಕೂರಿಸಿಕೊಳ್ಳಿ, ಆಗದಿದ್ದರೆ ಒಂದೆರಡು ತುತ್ತಾದರೂ ಕೊಡಿ, ಬಿಸಿ ತಡೆದುಕೊಂಡು ಅಡುಗೆ ಮಾಡಿದವನು ಅವನೇ ಅಲ್ಲವೇ ಎಂಬ ಬೋಧನೆ ಇದೆ. ಸೇವಕನಿಗೇ ಇಷ್ಟು ಹಕ್ಕಿದ್ದರೆ, ನಿಮ್ಮ ಪತ್ನಿಗೆ, ತಾಯಿಗೆ, ಸೊಸೆಗೆ ಎಷ್ಟು ಹಕ್ಕಿರಬೇಕು?

ಹಾಗಾಗಿ ಮನೆಯಲ್ಲಿ ದಾವತ್ ಎಂದು ನಿರ್ಧರಿಸುವ ಯಜಮಾನ ಮೊದಲು ತನ್ನ ತೋಳು ಮಡಚಲಿ. ಈರುಳ್ಳಿ ಹೆಚ್ಚುವುದು, ಮಾಂಸ ತೊಳೆಯುವುದು, ದೇಗಚಿ ಇಳಿಸುವುದು, ಬಡಿಸುವುದು, ಪಾತ್ರೆ ಉಜ್ಜುವುದು ಗಂಡಸರಿಂದ, ಗಂಡು ಮಕ್ಕಳಿಂದ ಆಗುವ ಕೆಲಸಗಳೇ. ಅಡುಗೆಗೆ ನಿಂತವರು ಮೊದಲ ಪಂಕ್ತಿಯಲ್ಲೇ ಉಣ್ಣಲಿ. ಉಪ್ಪು ಹೆಚ್ಚು, ಖಾರ ಕಡಿಮೆ ಎಂಬ ಟೀಕೆ ಬೇಡ. ಪ್ರವಾದಿ(ಸ)ರು ಎಂದೂ ಊಟಕ್ಕೆ ಕೊರೆ ಹೇಳಿದವರಲ್ಲ. ಇಷ್ಟವಾದರೆ ತಿನ್ನುತ್ತಿದ್ದರು, ಇಲ್ಲದಿದ್ದರೆ ಸುಮ್ಮನೆ ಬಿಡುತ್ತಿದ್ದರು.

ಬಡವರು, ನೆರೆಯವರು, ಉಳಿದ ಅನ್ನ

ಶ್ರೀಮಂತರನ್ನು ಕರೆದು ಬಡವರನ್ನು ಬಿಡುವ ವಲೀಮಾದ ಊಟ ಅತ್ಯಂತ ಕೆಟ್ಟ ಊಟವೆಂದು ಹದೀಸ್ ಎಚ್ಚರಿಸಿದೆ. ಮೂವತ್ತು ಮಂದಿಯ ಸಣ್ಣ ಔತಣದಲ್ಲೂ ಐದು ಜನ ಕಷ್ಟದಲ್ಲಿರುವವರಿರಲಿ. ಅವರನ್ನು ಬೇರೆ ಕೂರಿಸಬೇಡಿ, ಅದೇ ದಸ್ತರ್‌ಖ್ವಾನ್‌ನಲ್ಲಿ ಕೂರಿಸಿ.

ಸಾರು ಮಾಡುವಾಗ ಸ್ವಲ್ಪ ನೀರು ಹೆಚ್ಚು ಹಾಕಿ ನೆರೆಯವರನ್ನು ನೆನೆಯಬೇಕೆಂದು ಪ್ರವಾದಿ(ಸ)ರು ಅಬೂ ಝರ್(ರ)ರಿಗೆ ಉಪದೇಶಿಸಿದರು. ನೆರೆಯವರೆಂದರೆ ಮುಸ್ಲಿಮರು ಮಾತ್ರವಲ್ಲ. ಅಬ್ದುಲ್ಲಾ ಬಿನ್ ಅಮ್ರ್(ರ)ರ ಮನೆಯಲ್ಲಿ ಕುರಿ ಕೊಯ್ದಾಗ, ನಮ್ಮ ಯಹೂದಿ ನೆರೆಯವನಿಗೆ ಕಳುಹಿಸಿದಿರಾ ಎಂದು ಅವರು ಕೇಳಿದ್ದು ಅಬೂ ದಾವೂದ್ ಮತ್ತು ತಿರ್ಮಿದಿಯಲ್ಲಿದೆ. ನಮ್ಮ ಊರುಗಳಲ್ಲಿ ನೆರೆಯವರು ಮಾಂಸ ತಿನ್ನದವರಾದರೆ ಅವರಿಗೆ ಹಣ್ಣು, ಖರ್ಜೂರ, ಒಣಹಣ್ಣು ಕಳುಹಿಸಿ. ಅವರ ಆಚಾರಕ್ಕೆ ಹೊಂದುವುದನ್ನೇ ಆರಿಸುವುದು ಗೌರವದ ಲಕ್ಷಣ.

ಅಳತೆ ಗೊತ್ತಿದ್ದರೆ ಅನ್ನ ಚೆಲ್ಲುವುದಿಲ್ಲ. ಒಂದು ಕಿಲೋ ಅಕ್ಕಿ, ಒಂದು ಕಿಲೋ ಮಾಂಸದ ಬಿರಿಯಾನಿ ಎಂಟರಿಂದ ಹತ್ತು ಜನರಿಗಾಗುತ್ತದೆ. ಮೂವತ್ತು ಜನರಿಗೆ ನಾಲ್ಕು ಕಿಲೋ ಧಾರಾಳ. ಉಳಿದದ್ದನ್ನು ಬಿಸಿಯಿರುವಾಗಲೇ ಡಬ್ಬಿಗೆ ಹಾಕಿ ಹಂಚಿ, ಹಳಸಿದ ಮೇಲೆ ಕೊಡುವುದು ಸದಕಾ ಅಲ್ಲ. ತುಂಬಿದ ಮೇಜಿನ ಫೋಟೋಗಳನ್ನು ಸ್ಟೇಟಸ್‌ಗೆ ಹಾಕುವ ಮುನ್ನ, ಅದನ್ನು ನೋಡುವವರಲ್ಲಿ ಆ ದಿನ ಒಲೆ ಹಚ್ಚದವರೂ ಇರಬಹುದು ಎಂದು ಯೋಚಿಸಿ.

ದುಃಖದ ಮನೆಗೆ ನಮ್ಮ ಅಡುಗೆ

ಮನೆಯ ಅಡುಗೆಗೆ ಇನ್ನೊಂದು ಕರ್ತವ್ಯವಿದೆ. ಹಿಜ್ರಿ 8ರಲ್ಲಿ ಮುಅ್ತಾ ಯುದ್ಧದಿಂದ ಜಅ್‌ಫರ್(ರ)ರು ಹುತಾತ್ಮರಾದ ಸುದ್ದಿ ಬಂದಾಗ, ಜಅ್‌ಫರ್‌ರ ಮನೆಯವರಿಗೆ ಅಡುಗೆ ಮಾಡಿ, ಅವರು ದುಃಖದಲ್ಲಿದ್ದಾರೆ ಎಂದು ಪ್ರವಾದಿ(ಸ)ರು ಹೇಳಿದರು. ಆಯಿಶಾ(ರ)ರು ದುಃಖಿತರಿಗೆ ತಲ್‌ಬೀನಾ ಎಂಬ ಹಿಟ್ಟಿನ ಗಂಜಿ ಮಾಡಿಸುತ್ತಿದ್ದರು, ಅದು ಹೃದಯಕ್ಕೆ ಸಾಂತ್ವನ ನೀಡುತ್ತದೆಂದು ಪ್ರವಾದಿ(ಸ)ರಿಂದ ಕೇಳಿದ್ದನ್ನು ತಿಳಿಸುತ್ತಿದ್ದರು. ಆದರೆ ನಮ್ಮಲ್ಲಿ ಮರಣದ ಮನೆಯವರೇ ನೂರಾರು ಜನರಿಗೆ ಉಣಿಸಬೇಕಾದ ಸ್ಥಿತಿ ಬಂದಿದೆ. ಇದು ತಿರುಗಬೇಕು. ಸಂತೋಷದಲ್ಲಿ ಅವರ ಮನೆಯಲ್ಲಿ ಉಂಡ ನಾವು ದುಃಖದಲ್ಲಿ ಅವರಿಗೆ ಉಣಿಸಬೇಕು.

ಈ ವಾರ ಮಾಡಬಹುದಾದದ್ದು

ನಿಮ್ಮ ಮನೆಯಲ್ಲಿ ಹಣವಿಲ್ಲವೆಂದು ಮುಂದೂಡಿದ ಅಕೀಕಾ ಇದ್ದರೆ ದಿನ ಗೊತ್ತು ಮಾಡಿ. ವಲೀಮಾ ಮುಂದಿದ್ದರೆ, ಸಾಲ ತೆಗೆಯುವ ಮುನ್ನ ಕರೆಯುವವರ ಪಟ್ಟಿಯನ್ನು ನಿಮ್ಮ ಮನೆಯ ಅಳತೆಗೆ ಇಳಿಸಿ. ಸಂಬಂಧಿಕರು ಸಣ್ಣ ಔತಣ ಮಾಡಿದರೆ ಅವರ ಬೆನ್ನ ಹಿಂದೆ ಮಾತಾಡಬೇಡಿ. ಒಬ್ಬರು ಆಡಿದ ಒಂದು ಮಾತಿಗೆ ಹೆದರಿ ಇನ್ನೊಬ್ಬರು ಲಕ್ಷಗಟ್ಟಲೆ ಸಾಲ ಮಾಡುತ್ತಾರೆ, ಆ ಸಾಲದಲ್ಲಿ ನಮ್ಮ ನಾಲಿಗೆಯ ಪಾಲೂ ಇರುತ್ತದೆ. ಜಮಾಅತ್‌ನ ಅನುಕೂಲಸ್ಥರಿಗೆ ನಮ್ಮದೊಂದು ವಿನಂತಿ: ನೀವು ಮೊದಲು ಸರಳವಾಗಿ ಮಾಡಿ ತೋರಿಸಿ. ಇಲ್ಲದವರು ಸರಳವಾಗಿ ಮಾಡಿದರೆ ಬಡತನವೆನ್ನುತ್ತಾರೆ, ಇದ್ದವರು ಮಾಡಿದರೆ ಅದು ಎಲ್ಲರಿಗೂ ದಾರಿಯಾಗುತ್ತದೆ.

ಅಲ್ಲಾಹನು ನಮ್ಮ ಮನೆಗಳ ಸಂತೋಷದಲ್ಲಿ ಬರಕತ್ ನೀಡಲಿ. ಸಾಲದ ಭಾರದಿಂದ ನಮ್ಮನ್ನು ಕಾಪಾಡಲಿ. ನಮ್ಮ ಅನ್ನದಲ್ಲಿ ಬಡವರ, ನೆರೆಯವರ ಪಾಲನ್ನು ಮರೆಯದಂತೆ ಮಾಡಲಿ. ನಮಗಾಗಿ ಒಲೆಯ ಮುಂದೆ ನಿಂತ ಕೈಗಳಿಗೆ ಇಹಪರಗಳಲ್ಲಿ ಉತ್ತಮ ಪ್ರತಿಫಲ ಕೊಡಲಿ. ಆಮೀನ್.